ವಿದೇಶದಲ್ಲಿ ಎರಡು ವಾರದ ಓದು: ವಿಮಾನ ಹತ್ತುವ ಮೊದಲಿನ ಆರು ತಿಂಗಳ ಕೆಲಸ

ಮುಂಬಯಿ, ಪುಣೆ, ಗೋವಾಗಳಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದುತ್ತಿರುವ ಕನ್ನಡದ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಾರೆ: “ಕಾಲೇಜಿನವರು ಹತ್ತು ಹನ್ನೆರಡು ದಿನಕ್ಕೆ ವಿದೇಶಕ್ಕೆ ಕಳಿಸ್ತಾರಂತೆ. ಯಾವಾಗ ಶುರು ಮಾಡ್ಬೇಕು, ಏನೇನು ಕಾಗದ ಬೇಕು, ದುಡ್ಡು ಹೇಗೆ ಕಳಿಸೋದು?” ಕೇಳುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸುತ್ತಿರುವುದೇ ಮೊದಲ ಸಲ. ಅಪ್ಪನ ಬ್ಯಾಂಕ್ ಖಾತೆ ಉಡುಪಿಯಲ್ಲೋ ವಿಜಯಪುರದಲ್ಲೋ ಇರುತ್ತದೆ, ಮನೆ ಡೊಂಬಿವಲಿಯಲ್ಲೋ ವಾಸ್ಕೋದಲ್ಲೋ ಇರುತ್ತದೆ. ಅಂಥವರನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಲೇಖನ ಬರೆದಿದ್ದೇವೆ.

ರೆಸಿಡೆನ್ಸಿ ಎಂದರೆ ನಿಮ್ಮ ಪದವಿಯ ಭಾಗವಾಗಿಯೇ ಬೇರೆ ದೇಶದ ವಿದ್ಯಾಸಂಸ್ಥೆಯಲ್ಲಿ ಒಂದರಿಂದ ಮೂರು ವಾರ ಇದ್ದು ಓದುವುದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಕಂಪನಿಗೋ ಬಂದರಿಗೋ ಭೇಟಿ, ಕಡೆಯ ದಿನ ಗುಂಪಿನ ಪ್ರೆಸೆಂಟೇಶನ್. ಕೆಲವು ಕಡೆ ಇದನ್ನು ಗ್ಲೋಬಲ್ ಇಮ್ಮರ್ಶನ್ ಎಂದೂ ಕರೆಯುತ್ತಾರೆ. ಆರು ತಿಂಗಳ ಎಕ್ಸ್‌ಚೇಂಜಿನಲ್ಲಿ ಒಂದು ವಾರ ಎಡವಟ್ಟಾದರೂ ಸರಿಪಡಿಸಿಕೊಳ್ಳಲು ಕಾಲ ಇರುತ್ತದೆ. ಹನ್ನೆರಡು ದಿನದ ರೆಸಿಡೆನ್ಸಿಯಲ್ಲಿ ಆ ಅವಕಾಶ ಇಲ್ಲ. ಹಾಗಾಗಿ ಇದರ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಮುಗಿಯಬೇಕು.

1. ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆಯಿರಿ (ಹೊರಡುವ 6 ತಿಂಗಳ ಮೊದಲು)

ಮೊದಲ ಕಂತು ಕಟ್ಟುವ ಮುನ್ನ ನಾಲ್ಕು ವಿಷಯ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಇದಕ್ಕೆ ಕ್ರೆಡಿಟ್, ಅಂದರೆ ಪದವಿಗೆ ಸೇರುವ ಓದಿನ ಗಂಟೆಗಳ ಲೆಕ್ಕ, ಇದೆಯೇ, ಇದ್ದರೆ ಎಷ್ಟು? ಅಂಕ ನಮ್ಮ ಅಂಕಪಟ್ಟಿಗೆ ಸೇರುತ್ತದೆಯೇ ಅಥವಾ ಬರೀ ಪಾಸು, ಫೇಲೇ? ಪ್ರಮಾಣಪತ್ರ ಕೊಡುವವರು ಯಾರು, ಅಲ್ಲಿನ ವಿಶ್ವವಿದ್ಯಾಲಯವೋ ನಡುವಿನ ಟ್ರಾವೆಲ್ ಕಂಪನಿಯೋ? ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸು, ಮತ್ತು ಆ ಕ್ರೆಡಿಟ್ಟನ್ನು ಇಲ್ಲಿಯೇ ಬೇರೆ ವಿಷಯ ಓದಿ ತುಂಬಿಸಲು ಬರುತ್ತದೆಯೇ?

ಕ್ರೆಡಿಟ್ ಲೆಕ್ಕ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಯೂರೋಪಿನಲ್ಲಿ ಇಸಿಟಿಎಸ್ ಎಂಬ ಅಳತೆ ಇದೆ. ಒಂದು ಪೂರ್ಣ ವರ್ಷದ ಓದಿಗೆ 60 ಇಸಿಟಿಎಸ್, ಒಂದಕ್ಕೆ 25ರಿಂದ 30 ಗಂಟೆಯ ಕೆಲಸ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ಟಿಗೆ 30 ಗಂಟೆ, ವರ್ಷಕ್ಕೆ 40 ಕ್ರೆಡಿಟ್. ಅಂದರೆ 3 ಇಸಿಟಿಎಸ್‌ನ ರೆಸಿಡೆನ್ಸಿ ಎಂದರೆ 75ರಿಂದ 90 ಗಂಟೆ, ನಮ್ಮಲ್ಲಿ ಎರಡೂವರೆಯಿಂದ 3 ಕ್ರೆಡಿಟ್. ಹನ್ನೆರಡು ದಿನದಲ್ಲಿ 90 ಗಂಟೆ ತರಗತಿ ನಡೆಯುವುದಿಲ್ಲ. ಹೋಗುವ ಮೊದಲಿನ ಓದು, ಬಂದ ಮೇಲಿನ ವರದಿ ಎಲ್ಲವೂ ಆ ಗಂಟೆಗಳಲ್ಲಿ ಸೇರಿರುತ್ತವೆ. “ಮುಂಚೆ ಓದೋದೇನೂ ಬೇಡ, ಅಲ್ಲೇ ಎಲ್ಲ ಹೇಳಿಕೊಡ್ತಾರೆ” ಎಂದು ಯಾರಾದರೂ ಹೇಳಿದರೆ ಆ ಕ್ರೆಡಿಟ್ಟಿನ ಬಗ್ಗೆ ಇನ್ನೊಂದು ಸಲ ವಿಚಾರಿಸಿ.

ನಿಮ್ಮ ಪದವಿ ಟ್ವಿನಿಂಗ್ ಮಾದರಿಯದ್ದಾಗಿದ್ದರೆ, ಅಂದರೆ ಓದಿನ ಒಂದು ಭಾಗ ವಿದೇಶದಲ್ಲಿ, ಪದವಿ ಇಲ್ಲಿನ ವಿಶ್ವವಿದ್ಯಾಲಯದ್ದು ಎಂಬಂತಿದ್ದರೆ, ಯುಜಿಸಿಯ 2022ರ ನಿಯಮದ ಪ್ರಕಾರ ವಿದೇಶಿ ಕ್ರೆಡಿಟ್ ಒಟ್ಟಿನ 30 ಪ್ರತಿಶತ ಮೀರಬಾರದು. ಎರಡು ಮೂರು ರೆಸಿಡೆನ್ಸಿ ಇರುವವರು ಇದನ್ನು ಕೂಡಿ ನೋಡಿಕೊಳ್ಳಿ.

ಲರ್ನಿಂಗ್ ಅಗ್ರಿಮೆಂಟ್ ಎಂಬ ಒಂದು ಪುಟದ ಕಾಗದ ಕೇಳಿ ಪಡೆಯಿರಿ. ಅಲ್ಲಿ ಯಾವ ವಿಷಯ ಓದುತ್ತೀರಿ, ಅದು ಇಲ್ಲಿನ ಯಾವ ವಿಷಯಕ್ಕೆ ಸಮ ಎಂದು ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದ ಅದು. ಇದಿಲ್ಲದೆ ಹೋಗಿ ಬಂದವರ ಕ್ರೆಡಿಟ್ ಪರೀಕ್ಷಾ ವಿಭಾಗದ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ.

2. ಪಾಸ್‌ಪೋರ್ಟ್, ಅದರಲ್ಲೂ ಹೆಸರು

ಯೂರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಅಲ್ಲಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಅವಧಿ ಇರಬೇಕು, 2 ಪುಟ ಖಾಲಿ ಇರಬೇಕು. ಬೇರೆ ಹಲವು ದೇಶಗಳು 6 ತಿಂಗಳ ಅವಧಿ ಕೇಳುತ್ತವೆ, ಆದ್ದರಿಂದ 6 ತಿಂಗಳು ಎಂದೇ ಇಟ್ಟುಕೊಳ್ಳಿ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ 5 ವರ್ಷದ್ದಾಗಿರಬಹುದು. ಇವತ್ತೇ ತೆಗೆದು ನೋಡಿ. ಹೊಸದಕ್ಕೆ 36 ಪುಟದ್ದಾದರೆ ಸರ್ಕಾರಿ ಶುಲ್ಕ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಬೇಕಾದರೆ ಮೇಲೆ 2,000. ರೆಸಿಡೆನ್ಸಿ ಎರಡಕ್ಕಿಂತ ಹೆಚ್ಚಿದ್ದರೆ 60 ಪುಟದ್ದೇ ಮಾಡಿಸಿ.

ಹೆಸರಿನ ವಿಷಯದಲ್ಲಿ ನಮ್ಮವರು ಬೇರೆಯವರಿಗಿಂತ ಹೆಚ್ಚು ಸಿಕ್ಕಿಬೀಳುತ್ತಾರೆ. ಎಸ್ಸೆಸ್ಸೆಲ್ಸಿ ಕರ್ನಾಟಕದಲ್ಲಿ ಮುಗಿಸಿದವರ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಶಿಯಲ್ ಇರುತ್ತದೆ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ತಂದೆಯ ಹೆಸರು. ತಾಯಿಯ ಹೆಸರೂ ಸೇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಒಬ್ಬರೇ ವ್ಯಕ್ತಿ, ಮೂರು ಕಾಗದದಲ್ಲಿ ಮೂವರು! ಅಡ್ಡಹೆಸರು ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂದರ್ಥ. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ಕೊಡುವುದಕ್ಕೆ ಯುಎಇ 2022ರ ನವೆಂಬರಿನಲ್ಲಿ ನಿರ್ಬಂಧ ಹಾಕಿತು. ದುಬೈಯಲ್ಲಿ ರೆಸಿಡೆನ್ಸಿ ಇರುವವರಿಗೆ ಇದು ನೇರ ತೊಡಕು.

ಬಗೆಹರಿಸುವ ದಾರಿ: ಇನಿಶಿಯಲ್ಲನ್ನು ಪೂರ್ತಿ ಬಿಡಿಸಿ, ಹೆಸರು ಮತ್ತು ಅಡ್ಡಹೆಸರು ಎರಡೂ ಜಾಗ ತುಂಬಿಸಿ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ. ಅದಕ್ಕೂ ಮೊದಲು ಆಧಾರ್ ಮತ್ತು ಪ್ಯಾನ್ ಅದೇ ರೂಪಕ್ಕೆ ಬರಲಿ. ಆಮೇಲೆ ಕಾಲೇಜಿನ ಬೋನಾಫೈಡ್, ಅಲ್ಲಿನ ಸಂಸ್ಥೆಯ ಆಹ್ವಾನ ಪತ್ರ, ವಿಮಾನ ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರು ಅಕ್ಷರ ಬಿಡದೆ ಇರಲಿ. ಹಳೆಯ ಅಂಕಪಟ್ಟಿ ತಿದ್ದಿಸಲು ಹೊರಡಬೇಡಿ. ಎರಡೂ ಹೆಸರಿನವರು ಒಬ್ಬರೇ ಎಂಬ ನೋಟರಿ ಅಫಿಡವಿಟ್ ಒಂದು ಫೈಲಿನಲ್ಲಿರಲಿ.

3. ಯಾವ ವೀಸಾ, ಯಾವ ದೇಶದ್ದು

ಷೆಂಗೆನ್ ಎಂದರೆ ಯೂರೋಪಿನ 29 ದೇಶಗಳ ವಲಯ, ಒಂದೇ ವೀಸಾದಲ್ಲಿ ಒಳಗೆಲ್ಲ ಓಡಾಡಬಹುದು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಸ್ಪೇನ್, ಪೋರ್ಚುಗಲ್, ಸ್ವಿಟ್ಜರ್ಲೆಂಡ್ ಒಳಗಿವೆ. ಬ್ರಿಟನ್ ಮತ್ತು ಐರ್ಲೆಂಡ್ ಇಲ್ಲ. ರೆಸಿಡೆನ್ಸಿಗೆ ಬೇಕಾದದ್ದು ‘ಸಿ’ ವರ್ಗದ ಅಲ್ಪಾವಧಿ ವೀಸಾ. ಯಾವುದೇ 180 ದಿನದಲ್ಲಿ 90 ದಿನ ಮೀರಬಾರದು, ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಜೂನ್ 8ಕ್ಕೆ ಇಳಿದು 21ಕ್ಕೆ ಹೊರಟರೆ ಅದು 14 ದಿನ, 13 ಅಲ್ಲ.

ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಅಲ್ಲಿ 3 ದಿನ, ರಾಟರ್‌ಡ್ಯಾಮಿನಲ್ಲಿ 8 ದಿನ ಎಂದಾದರೆ ನೆದರ್ಲೆಂಡ್ಸಿಗೆ ಹಾಕಬೇಕು. ದಿನ ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. “ಆ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ” ಎಂದು ಏಜೆಂಟ್ ಹೇಳಿದ ಕಡೆ ಹಾಕಬೇಡಿ. ಕಾರ್ಯಕ್ರಮ ಪಟ್ಟಿ ನೋಡಿದ ಕೂಡಲೇ ಅಧಿಕಾರಿಗೆ ಗೊತ್ತಾಗುತ್ತದೆ.

ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಇದ್ದರೆ 45 ದಿನದವರೆಗೂ ಹೋಗಬಹುದು. ಬೇಸಿಗೆ ರಜೆಯಲ್ಲಿ ಮುಂಬಯಿ, ಪುಣೆಯ ಪ್ರವಾಸಿಗರೆಲ್ಲ ಒಟ್ಟಿಗೆ ನುಗ್ಗುವುದರಿಂದ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಜೂನಿನ ರೆಸಿಡೆನ್ಸಿಗೆ ಫೆಬ್ರವರಿಯಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ವಯಸ್ಕರ ಶುಲ್ಕ 2024ರ ಜೂನ್ 11ರಿಂದ 90 ಯೂರೋ. ಇಲ್ಲೊಂದು ಮುಖ್ಯ ಮಾತು: ಓದಿಗಾಗಿ ಹೋಗುವ ವಿದ್ಯಾರ್ಥಿಗಳಿಗೂ ಜೊತೆಗೆ ಹೋಗುವ ಅಧ್ಯಾಪಕರಿಗೂ ಷೆಂಗೆನ್ ವೀಸಾ ಸಂಹಿತೆ ಈ ಶುಲ್ಕದಿಂದ ವಿನಾಯಿತಿ ಕೊಟ್ಟಿದೆ. ಉದ್ದೇಶದ ಜಾಗದಲ್ಲಿ ಪ್ರವಾಸ ಎಂದು ಗುರುತು ಹಾಕಿದರೆ ಅದು ಸಿಗುವುದಿಲ್ಲ. ಓದು ಎಂದೇ ಹಾಕಿ, ಆಹ್ವಾನ ಪತ್ರ ಲಗತ್ತಿಸಿ, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ, ಅದನ್ನು ಕಟ್ಟಬೇಕಾಗುತ್ತದೆ.

ಅಮೆರಿಕದ ವಿಷಯ ಬೇರೆ. ಪದವಿಗೆ ಕ್ರೆಡಿಟ್ ಸಿಗುವ ಓದಿಗೆ ಪ್ರವಾಸಿ ವೀಸಾ, ಅಂದರೆ ಬಿ ವರ್ಗ, ಸಲ್ಲದು. ಎಫ್ 1 ಅಥವಾ ಜೆ 1 ಬೇಕು. ಎಫ್ 1ಕ್ಕೆ ಅಲ್ಲಿನ ಸಂಸ್ಥೆ ಐ 20 ಎಂಬ ಕಾಗದ ಕಳಿಸಬೇಕು, ಜೆ 1ಕ್ಕೆ ಡಿಎಸ್ 2019. ಮನೆಯಲ್ಲಿ ಹತ್ತು ವರ್ಷದ ಬಿ ವೀಸಾ ಇದೆ, ಅದರಲ್ಲೇ ಹೋಗಿಬಿಡೋಣ ಎಂದುಕೊಳ್ಳಬೇಡಿ. ಅಲ್ಲಿನ ಸಂಸ್ಥೆ ಯಾವ ಕಾಗದ ಕಳಿಸುತ್ತದೆ ಎಂದು ಮೊದಲೇ ಕೇಳಿ. ಬ್ರಿಟನ್ನಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ 6 ತಿಂಗಳವರೆಗಿನ ಓದಿಗೆ ಅದರಲ್ಲಿ ಅವಕಾಶ ಇದೆ. ಸಿಂಗಾಪುರದಲ್ಲಿ ಓದು 30 ದಿನದೊಳಗೆ, ನಿಮ್ಮ ಭೇಟಿ ಪಾಸಿನ ಅವಧಿಯೊಳಗೇ ಮುಗಿಯುವುದಾದರೆ ಪ್ರತ್ಯೇಕ ಸ್ಟೂಡೆಂಟ್ ಪಾಸ್ ಬೇಡ. ಆದರೆ ಇಳಿಯುವ ಮುಂಚಿನ 3 ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ.

ವಿಮಾನ ಬದಲಿಸುವ ನಿಲ್ದಾಣವನ್ನೂ ನೋಡಿಕೊಳ್ಳಿ. ಹೊರಗೆ ಕಾಲಿಡದೆ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಕೇಳುವ ದೇಶಗಳಿವೆ. ಹತ್ತು ಸಾವಿರ ಉಳಿಯಿತು ಎಂದು ಟಿಕೆಟ್ ತೆಗೆದು, ಛತ್ರಪತಿ ಶಿವಾಜಿ ನಿಲ್ದಾಣದ ಚೆಕ್-ಇನ್ ಕೌಂಟರಿನಿಂದ ವಾಪಸು ಬರುವುದು ಇಂಥ ಟಿಕೆಟ್ಟಿನಿಂದಲೇ.

4. ವೀಸಾ ಫೈಲ್

ಬೇಕಾದ ಕಾಗದಗಳು: ಅರ್ಜಿ, 35 × 45 ಮಿಲಿಮೀಟರಿನ ಫೋಟೋ, ಆಹ್ವಾನ ಪತ್ರ, ಕಾಲೇಜಿನ ಬೋನಾಫೈಡ್ ಮತ್ತು ಆಕ್ಷೇಪ ಇಲ್ಲವೆಂಬ ಪತ್ರ, ದಿನದಿನದ ಕಾರ್ಯಕ್ರಮ, ತಂಗುವ ಜಾಗದ ದೃಢೀಕರಣ, ಹೋಗಿಬರುವ ವಿಮಾನದ ರಿಸರ್ವೇಶನ್, ಕನಿಷ್ಠ 30,000 ಯೂರೋದ ಪ್ರಯಾಣ ವೈದ್ಯಕೀಯ ವಿಮೆ, ಹಣದ ಪುರಾವೆ, ವಿಳಾಸದ ಪುರಾವೆ. ವಿಮೆ ಇಡೀ ಷೆಂಗೆನ್ ವಲಯಕ್ಕೆ, ಇಳಿಯುವ ದಿನದಿಂದ ಹೊರಡುವ ದಿನದವರೆಗೆ ಇರಬೇಕು. ಒಂದು ದಿನ ಕಡಿಮೆ ಇದ್ದರೂ ಫೈಲ್ ವಾಪಸು ಬರುತ್ತದೆ. ಟಿಕೆಟ್ಟಿಗೆ ಪೂರ್ತಿ ಹಣ ಕಟ್ಟುವುದನ್ನು ವೀಸಾ ಬಂದ ಮೇಲೆ ಇಟ್ಟುಕೊಳ್ಳಿ. ಅರ್ಜಿಗೆ ರಿಸರ್ವೇಶನ್ ಸಾಕು.

ಹಣದ ಪುರಾವೆಯಲ್ಲಿ ಹೆಚ್ಚು ಎಡವಟ್ಟಾಗುವುದು ಹೋಟೆಲು ನಡೆಸುವ ಮನೆಗಳಲ್ಲಿ. ಅಪ್ಪ ಮೂವರು ಪಾಲುದಾರರ ಜೊತೆ ಹೋಟೆಲು ನಡೆಸುತ್ತಾರೆ ಎಂದುಕೊಳ್ಳಿ. ವ್ಯವಹಾರದ ಹಣ ಸಂಸ್ಥೆಯ ಕರೆಂಟ್ ಖಾತೆಯಲ್ಲಿದೆ. ಅದನ್ನು ಮಾತ್ರ ತೋರಿಸಿದರೆ ಅಧಿಕಾರಿ ಕೇಳುವ ಮೊದಲ ಮಾತು, ಇದರಲ್ಲಿ ನಿಮ್ಮಪ್ಪನದೆಷ್ಟು? ಹಾಗಾಗಿ ಗುಮಾಸ್ತಾ ಲೈಸೆನ್ಸು (ಅಂಗಡಿ ನೋಂದಣಿ), ಪಾಲುದಾರಿಕೆ ಪತ್ರ, ಜಿಎಸ್‌ಟಿ ನೋಂದಣಿ, ಸಂಸ್ಥೆಯ ಮತ್ತು ಅಪ್ಪನ ವೈಯಕ್ತಿಕ ಆದಾಯ ತೆರಿಗೆ ರಿಟರ್ನ್ ಎರಡನ್ನೂ ಇಡಿ. ಅದರ ಮೇಲೆ, ಕರೆಂಟ್ ಖಾತೆಯಿಂದ ಅಪ್ಪನ ಉಳಿತಾಯ ಖಾತೆಗೆ ತಿಂಗಳು ತಿಂಗಳೂ ಹಣ ಬಂದಿರುವುದು ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು. ಗಲ್ಲಾದ ನಗದಿನಲ್ಲೇ ಮನೆ ಖರ್ಚು ನಡೆಯುವ ಕಡೆ ಉಳಿತಾಯ ಖಾತೆ ಬರಿದಾಗಿರುತ್ತದೆ. ಅರ್ಜಿಗೆ ವಾರ ಇರುವಾಗ ನಾಲ್ಕು ಲಕ್ಷ ತಂದು ಸುರಿಯುತ್ತಾರೆ. ಅದು ಸಾಲ ತಂದ ಹಣ ಎಂದೇ ಓದಿಕೊಳ್ಳುತ್ತಾರೆ. ಆರು ತಿಂಗಳ ಮೊದಲೇ ಶುರು ಮಾಡಿ ಎನ್ನುವುದಕ್ಕೆ ದೊಡ್ಡ ಕಾರಣ ಈ ಖಾತೆ.

ಪಗಾರದ ಮನೆಯವರಿಗೆ ಇದು ಸುಲಭ: ಮೂರು ತಿಂಗಳ ಪಗಾರ ಸ್ಲಿಪ್, ಫಾರ್ಮ್ 16, ಸ್ಟೇಟ್‌ಮೆಂಟ್. ಮಾವನೋ ದೊಡ್ಡಪ್ಪನೋ ಖರ್ಚು ನೋಡಿಕೊಳ್ಳುವುದಾದರೆ ಸಂಬಂಧ ತೋರಿಸುವ ಕಾಗದವೂ ಬೇಕು. ಸಾಧ್ಯವಿದ್ದರೆ ತಂದೆತಾಯಿಯ ಹೆಸರಲ್ಲೇ ಇರಲಿ.

ಊರಿನ ಜಮೀನಿನ ಕಾಗದ ಇಡಬಹುದೇ ಎಂದು ಕೇಳುವವರಿಗೆ: ಇಡಬಹುದು, ಆದರೆ ಅದರ ಮೇಲೆ ಭಾರ ಹಾಕಬೇಡಿ. ಕರ್ನಾಟಕದ ಪಹಣಿ ಕನ್ನಡದಲ್ಲಿ, ಮಹಾರಾಷ್ಟ್ರದ ಸಾತ್‌ಬಾರಾ ಮರಾಠಿಯಲ್ಲಿ ಇರುತ್ತದೆ. ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸದೆ ಇಟ್ಟರೆ ಓದುವವರೇ ಇಲ್ಲ. ನೀವು ಮರಳಿ ಬರುತ್ತೀರಿ ಎಂಬುದಕ್ಕೆ ಮುಂದಿನ ಸೆಮಿಸ್ಟರಿನ ಫೀ ರಸೀದಿ ಹತ್ತು ಎಕರೆ ಜಮೀನಿಗಿಂತ ಗಟ್ಟಿಯಾದ ಪುರಾವೆ.

ವಿಳಾಸ: ಕೆಲವು ದೂತಾವಾಸಗಳು ಅರ್ಜಿದಾರರ ವಾಸಸ್ಥಳ ನೋಡಿ ಅರ್ಜಿ ತೆಗೆದುಕೊಳ್ಳುತ್ತವೆ. ಪಾಸ್‌ಪೋರ್ಟಿನಲ್ಲಿ ಧಾರವಾಡದ ವಿಳಾಸ, ನೀವಿರುವುದು ಪುಣೆಯಲ್ಲಿ ಎಂದಾದರೆ ಪುಣೆಯಲ್ಲಿ ವಾಸವಿರುವುದಕ್ಕೆ ಪುರಾವೆ ಕೇಳುತ್ತಾರೆ. ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಲ್ಲಿನ ಬಾಡಿಗೆ ಪತ್ರ, ಅಥವಾ ವಿಳಾಸ ಬರೆದ ಹಾಸ್ಟೆಲ್ ಪತ್ರ ನಡೆಯುತ್ತದೆ. ಗೆಳೆಯನ ಹೆಸರಲ್ಲಿ ಕರಾರಿದ್ದು ನೀವು ಸುಮ್ಮನೆ ಜೊತೆಗಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಮುಂದಿನ ಸಲ ಕರಾರು ಮಾಡುವಾಗ ನಿಮ್ಮ ಹೆಸರನ್ನೂ ಸೇರಿಸಿ.

ವೀಸಾ ಕೈಗೆ ಬಂದ ಕೂಡಲೇ ಸ್ಟಿಕ್ಕರ್ ಓದಿ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯೂ, ಪ್ರತ್ಯೇಕವಾಗಿ ಎಷ್ಟು ದಿನ ಇರಬಹುದು ಎಂಬ ಸಂಖ್ಯೆಯೂ ಇರುತ್ತವೆ. ಅವಧಿ 30 ದಿನ ಇದ್ದು ಸಂಖ್ಯೆ 15 ಎಂದಿದ್ದರೆ ನೀವು ಇರಬಹುದಾದದ್ದು 15 ದಿನ ಮಾತ್ರ. ಸಿಂಗಲ್ ಎಂಟ್ರಿ ಇದ್ದವರು ವಾರಾಂತ್ಯಕ್ಕೆ ಲಂಡನ್ನಿಗೆ ಹೋದರೆ ಮತ್ತೆ ಒಳಗೆ ಬರಲಾಗದು.

5. ದುಡ್ಡು

ಯೂರೋ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ಫೀ 3,000 ಯೂರೋ ಇದ್ದರೆ 3 ಲಕ್ಷ. ನೀವು ಕಟ್ಟುವ ಹೊತ್ತಿಗೆ ದರ 3 ರೂಪಾಯಿ ಏರಿದರೆ 9,000 ಹೆಚ್ಚು. ಊಟ, ಬಸ್ಸಿಗೆ ದಿನಕ್ಕೆ 40 ಯೂರೋದಂತೆ 12 ದಿನಕ್ಕೆ 480, ಅಂದರೆ 48,000. ಒಟ್ಟು ಮೊತ್ತದ ಮೇಲೆ ಹತ್ತರಲ್ಲೊಂದು ಪಾಲು ಕೈಯಲ್ಲಿ ಬೇರೆ ಇರಲಿ. ಕಾಲೇಜು ಫೀಯನ್ನು ರೂಪಾಯಿಯಲ್ಲಿ ತೆಗೆದುಕೊಳ್ಳುವುದಾದರೆ ಯಾವ ದಿನದ ದರ ಎಂದು ಕೇಳಿ.

ನೀವೇ ನೇರ ವಿದೇಶಕ್ಕೆ ಕಳಿಸುವುದಾದರೆ ಬ್ಯಾಂಕಿನಲ್ಲಿ ಎ 2 ಫಾರ್ಮ್ ತುಂಬಬೇಕು. ಓದಿನ ಪ್ರಯಾಣ, ಫೀ, ಹಾಸ್ಟೆಲ್ಲಿಗೆ ಉದ್ದೇಶ ಸಂಕೇತ ಎಸ್ 0305. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. ಕಳಿಸುವಾಗ ವೆಚ್ಚ ಯಾರದು ಎಂಬ ಕಡೆ ‘ಒಯುಆರ್’, ಅಂದರೆ ಎಲ್ಲ ವೆಚ್ಚ ಕಳಿಸುವವರದೇ, ಎಂದು ಆಯ್ಕೆ ಮಾಡಿ. ಇಲ್ಲದಿದ್ದರೆ ನಡುವಿನ ಬ್ಯಾಂಕ್ ತನ್ನ ಶುಲ್ಕವನ್ನು ಅದರಲ್ಲೇ ಮುರಿದುಕೊಳ್ಳುತ್ತದೆ, ಅಲ್ಲಿ ಇಪ್ಪತ್ತು ಯೂರೋ ಕಡಿಮೆ ಮುಟ್ಟುತ್ತದೆ, ಫೀ ಪೂರ್ತಿಯಾಗಿಲ್ಲ ಎಂದು ಆಹ್ವಾನ ಪತ್ರ ನಿಂತುಬಿಡುತ್ತದೆ. ಪತ್ರ ಇಲ್ಲದೆ ವೀಸಾ ಅರ್ಜಿಯೂ ಇಲ್ಲ.

ಟಿಸಿಎಸ್ ಎಂದರೆ ಹಣ ಕಳಿಸುವಾಗಲೇ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಕಳಿಸಿದ್ದಕ್ಕೆ ಇದಿಲ್ಲ. ಅದರಾಚೆಗಿನ ದರವನ್ನು ಬಜೆಟ್ಟುಗಳು ಬದಲಿಸುತ್ತಿರುತ್ತವೆ, ಕಳಿಸುವ ದಿನ ಬ್ಯಾಂಕಿನಲ್ಲೇ ಕೇಳಿ. ಆದರೆ ನಿಮ್ಮ ರೆಸಿಡೆನ್ಸಿಯನ್ನು ಟ್ರಾವೆಲ್ ಕಂಪನಿಯೊಂದು ವಿಮಾನ, ಹೋಟೆಲ್ ಎಲ್ಲ ಸೇರಿಸಿ ವಿದೇಶ ಪ್ರವಾಸದ ಪ್ಯಾಕೇಜ್ ಎಂದು ಬಿಲ್ ಮಾಡಿದರೆ 10 ಲಕ್ಷದ ವಿನಾಯಿತಿ ಸಿಗದು, ಮೊದಲ ರೂಪಾಯಿಯಿಂದಲೇ ಟಿಸಿಎಸ್ ಬೀಳುತ್ತದೆ. ಫೀ ಬೇರೆ, ಪ್ರಯಾಣ ಬೇರೆ ಬಿಲ್ ಕೊಡಲು ಸಾಧ್ಯವೇ ಎಂದು ಕಾಲೇಜನ್ನು ಕೇಳಿ. ಹಿಡಿದ ಹಣ ಹೋಯಿತೆಂದಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಿಟರ್ನ್ ಸಲ್ಲಿಸುವವರ ಪ್ಯಾನನ್ನೇ ಕೊಡಿ.

ಶಿಕ್ಷಣ ಸಾಲ ಇದ್ದವರು ರೆಸಿಡೆನ್ಸಿಯ ಖರ್ಚನ್ನು ಮೊದಲ ಮಂಜೂರಾತಿಯಲ್ಲೇ ಸೇರಿಸಿಕೊಳ್ಳಿ. ಬ್ಯಾಂಕುಗಳ ಸಂಘದ ಮಾದರಿ ಸಾಲ ಯೋಜನೆಯಲ್ಲಿ ಅಧ್ಯಯನ ಪ್ರವಾಸಕ್ಕೂ ಜಾಗ ಇದೆ. ಆಮೇಲೆ ಟಾಪ್-ಅಪ್ ಕೇಳಲು ಹೋದರೆ ಕಾಗದಪತ್ರ ಎಲ್ಲ ಮೊದಲಿನಿಂದ.

ಕೈಯಲ್ಲಿ ನೋಟು 150ರಿಂದ 200 ಯೂರೋ, ಚಿಲ್ಲರೆಯಾಗಿ. ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಜೊತೆಗೆ ಒಂದು ಡೆಬಿಟ್ ಕಾರ್ಡ್ ಇರಲಿ, ಅದರ ವಿದೇಶಿ ವ್ಯವಹಾರವನ್ನು ಆ್ಯಪ್‌ನಲ್ಲಿ ತೆರೆದುಕೊಳ್ಳಿ, ಸಾಮಾನ್ಯವಾಗಿ ಬಂದ್ ಇರುತ್ತದೆ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಬೇಕು. ಅಲ್ಲಿನ ಸಿಮ್ ಹಾಕಿ ಇಲ್ಲಿನದನ್ನು ತೆಗೆದಿಟ್ಟರೆ ಒಟಿಪಿ ಬಾರದೆ ಕಾರ್ಡ್ ಇದ್ದೂ ಇಲ್ಲದಂತೆ. ಅಂಗಡಿಯ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ಅದು ಸಾಮಾನ್ಯವಾಗಿ ದುಬಾರಿ.

6. ಹೋಗುವ ಮೊದಲಿನ ಓದು (ಕಡೆಯ 6 ವಾರ)

ಕಾಗದದ ಕೆಲಸದಲ್ಲಿ ಸುಸ್ತಾಗಿ ಇದನ್ನು ಬಿಟ್ಟವರು ಅಲ್ಲಿನ ಬಂದರನ್ನು ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಇಡೀ ದೇಶದ ಅರ್ಥವ್ಯವಸ್ಥೆ ಓದಲು ಹೊರಡಬೇಡಿ. ಒಂದೇ ಒಂದು ಸರಕು ಹಿಡಿಯಿರಿ, ಅದು ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯನ್ನು ಪೂರ್ತಿ ತಿಳಿದುಕೊಳ್ಳಿ.

ಗೇರುಬೀಜವನ್ನೇ ನೋಡಿ. ಮಂಗಳೂರು, ಗೋವಾದವರಿಗೆ ಮನೆಯ ವಸ್ತು. ಸಿಪ್ಪೆ ತೆಗೆದ ಬೀಜದ ಎಚ್‌ಎಸ್ ಸಂಕೇತ 080132. ಎಚ್‌ಎಸ್ ಎಂದರೆ ಜಗತ್ತಿನ ಕಸ್ಟಮ್ಸಿನವರು ಸರಕು ಗುರುತಿಸುವ ಸಂಖ್ಯೆ. ಬಿಳಿ ಇಡಿ ಬೀಜದ ಡಬ್ಲ್ಯು 320 ಎಂಬ ದರ್ಜೆಯಲ್ಲಿ ಒಂದು ಪೌಂಡಿಗೆ ಸುಮಾರು 320 ಬೀಜ ತೂಗುತ್ತವೆ. ಡಬ್ಬಿ 11.34 ಕಿಲೋದ್ದು, ಅಂದರೆ 25 ಪೌಂಡ್. ಈ ಡಬ್ಬಿಗಳು ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ಕಂಟೇನರಿನಲ್ಲಿ ರಾಟರ್‌ಡ್ಯಾಮಿಗೆ ಹೋಗುತ್ತವೆ ಎಂದುಕೊಳ್ಳಿ. ರಫ್ತುದಾರ ಎಫ್‌ಒಬಿ ದರ ಕೊಟ್ಟಿದ್ದಾನೆ. ಎಫ್‌ಒಬಿಯಲ್ಲಿ ಸರಕು ಹಡಗಿನ ಮೇಲೆ ಏರುವವರೆಗೆ ಹೊಣೆ ಮಾರುವವನದು. ಆದರೆ ಕಂಟೇನರನ್ನು ಅವನು ಹಡಗಿಗೆ ಏರಿಸುವುದೇ ಇಲ್ಲ, ಎಷ್ಟೋ ಮೊದಲೇ ಯಾರ್ಡಿನಲ್ಲಿ ಒಪ್ಪಿಸಿ ಬಂದಿರುತ್ತಾನೆ. ಆ ನಡುವಿನ ದಿನಗಳಲ್ಲಿ ಮಳೆ ನೀರು ಹೊಕ್ಕರೆ? ನಷ್ಟ ಅವನದೇ, ಕಣ್ಣಿಗೆ ಕಾಣದ ಜಾಗದಲ್ಲಿ. ಇದಕ್ಕೇ ಮಾರುವವ, ಕೊಳ್ಳುವವರ ಹೊಣೆ ಹಂಚುವ ಇನ್‌ಕೋಟರ್ಮ್ಸ್ 2020ರ 11 ನಿಯಮಗಳಲ್ಲಿ ಕಂಟೇನರ್ ಸರಕಿಗೆ ಎಫ್‌ಸಿಎ ಹೆಚ್ಚು ಸರಿ ಎನ್ನುತ್ತಾರೆ. ಅದರಲ್ಲಿ ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೆ ಹೊಣೆ ಮುಗಿಯುತ್ತದೆ. ಆದರೂ ನಮ್ಮಲ್ಲಿ ರೂಢಿಯಿಂದ ಎಫ್‌ಒಬಿ ಎಂದೇ ಬರೆಯುವವರು ಬಹಳ.

ಇಷ್ಟು ತಿಳಿದುಕೊಂಡು ರಾಟರ್‌ಡ್ಯಾಮಿನ ಟರ್ಮಿನಲ್ಲಿನಲ್ಲಿ ನಿಂತರೆ ನೀವು ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ. ಆಹಾರದ ಕಂಟೇನರ್ ಬಂದಾಗ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪರೀಕ್ಷೆಗೆ ಮಾದರಿ ತೆಗೆಯುವುದು ಯಾರು, ಫಲಿತಾಂಶ ಬರುವವರೆಗಿನ ಬಾಡಿಗೆ ಯಾರ ತಲೆಗೆ, ತಿರಸ್ಕೃತವಾದ ಸರಕು ಎಲ್ಲಿಗೆ ಹೋಗುತ್ತದೆ. ಇಂಥ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಪುಣೆಯವರಿಗೆ ಚಾಕಣದ ವಾಹನ ಬಿಡಿಭಾಗ ಮತ್ತು ಜರ್ಮನಿ, ಮುಂಬಯಿಯವರಿಗೆ ಬಾಂದ್ರಾ ಕುರ್ಲಾ ಸಂಕೀರ್ಣದ ಭಾರತ್ ಡೈಮಂಡ್ ಬೋರ್ಸ್ ಎಂಬ ವಜ್ರ ಪೇಟೆ ಮತ್ತು ಬೆಲ್ಜಿಯಮಿನ ಆಂಟ್‌ವರ್ಪ್, ಗೋವಾದವರಿಗೆ ವೆರ್ಣಾದ ಔಷಧ ಕಾರ್ಖಾನೆಗಳು ಕೈಗೆಟಕುವ ವಿಷಯ. ಸಾಧ್ಯವಾದರೆ ಹೊರಡುವ ಮುನ್ನ ಇಲ್ಲಿನ ಒಬ್ಬ ಕಸ್ಟಮ್ಸ್ ಬ್ರೋಕರ್ ಜೊತೆ ಒಂದು ಗಂಟೆ ಕೂತು ಹಳೆಯ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಕಸ್ಟಮ್ಸಿಗೆ ಕೊಡುವ ಕಾಗದ, ಒಂದನ್ನು ಸಾಲುಸಾಲಾಗಿ ಓದಿಸಿಕೊಳ್ಳಿ. ನಮ್ಮವರಲ್ಲಿ ಆ ಕೆಲಸದಲ್ಲಿರುವವರು ಎಷ್ಟೋ ಜನ ಇದ್ದಾರೆ, ಕನ್ನಡ ಸಂಘದಲ್ಲಿ ಕೇಳಿದರೆ ಒಬ್ಬರಾದರೂ ಸಿಗುತ್ತಾರೆ.

7. ಚೀಲ

ಯೂರೋಪಿಗೆ ಮಾಂಸದ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಧಾರವಾಡ ಪೇಡೆ, ಕುಂದಾ, ತುಪ್ಪ ಮೂರೂ ಮನೆಯಲ್ಲೇ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿ ಒಯ್ಯಬಹುದು. ಸಿಂಗಾಪುರ, ದುಬೈಗೆ ಹೋಗುವವರು ಗಸಗಸೆಯ ಬಗ್ಗೆ ಎಚ್ಚರ. ಎರಡೂ ಕಡೆ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಅಮ್ಮ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಏನೇನಿದೆ ಎಂದು ಕೇಳಿಯೇ ಇಟ್ಟುಕೊಳ್ಳಿ. ಗುಟ್ಕಾ, ಅಗಿಯುವ ತಂಬಾಕು ಸಿಂಗಾಪುರಕ್ಕೆ ಸಲ್ಲದು. ಮಾತ್ರೆಗಳು ಸ್ಟ್ರಿಪ್ಪಿನಲ್ಲೇ ಇರಲಿ, ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರಿರಲಿ. ಟ್ರಮಡಾಲ್, ಕೋಡೀನ್ ಇರುವ ಔಷಧಗಳಿಗೆ ಯುಎಇಯಲ್ಲಿ ಕಟ್ಟುನಿಟ್ಟು ಇದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ. ಪ್ಲಗ್ಗು: ಯೂರೋಪಿಗೆ ಎರಡು ದುಂಡು ಕಡ್ಡಿಯದು, ಬ್ರಿಟನ್ ಮತ್ತು ಸಿಂಗಾಪುರಕ್ಕೆ ಮೂರು ಚೌಕದ್ದು. ಅಮೆರಿಕಕ್ಕೆ ಎರಡು ಚಪ್ಪಟೆ ಕಡ್ಡಿ, ಅಲ್ಲಿ 120 ವೋಲ್ಟ್. ಕಂಪನಿ ಭೇಟಿಗೆ ಮುಂದೆ ಮುಚ್ಚಿದ ಶೂ ಇಲ್ಲದಿದ್ದರೆ ಕಾರ್ಖಾನೆಯ ಒಳಗೆ ಬಿಡುವುದಿಲ್ಲ.

8. ಅಲ್ಲಿರುವಾಗ

ತರಗತಿಗೆ ಒಂದು ದಿನ ಮೊದಲೇ ಇಳಿಯಿರಿ. 12 ದಿನದಲ್ಲಿ ಒಂದು ದಿನ ತಪ್ಪಿದರೆ ಹಾಜರಿ 92 ಪ್ರತಿಶತಕ್ಕೆ ಇಳಿಯುತ್ತದೆ, ಹಲವು ಕಡೆ ಪೂರ್ತಿ ಹಾಜರಿ ಕೇಳುತ್ತಾರೆ. ಗಡಿಯಲ್ಲಿ ಕೇಳಿದರೆ ತೋರಿಸಲು ಆಹ್ವಾನ ಪತ್ರ, ವಿಮೆ, ತಂಗುವ ಜಾಗದ ವಿಳಾಸದ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ, ಫೋನ್ ಬ್ಯಾಟರಿ ನಂಬಬೇಡಿ. ಗುಂಪಿನಲ್ಲಿ ಕೆಲಸ ಹಂಚುವಾಗ ಇಂಗ್ಲಿಷ್ ಚೆನ್ನಾಗಿ ಮಾತಾಡುವವರಿಗೇ ಪ್ರೆಸೆಂಟೇಶನ್ ಬಿಟ್ಟು ಹಿಂದೆ ಕೂರಬೇಡಿ. ನಿಮ್ಮ ಸರಕಿನ ಲೆಕ್ಕ ನಿಮಗೇ ಗೊತ್ತಿರುವುದು, ಆ ಎರಡು ಸ್ಲೈಡು ನೀವೇ ಹೇಳಿ. ಭೇಟಿ ಮುಗಿದ ದಿನ ರಾತ್ರಿಯೇ ಒಂದು ಪುಟ ಬರೆದಿಡಿ. ನಾಲ್ಕನೆಯ ಕಂಪನಿಯ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ.

ಹೊರಡುವ ಮೊದಲು ಸಹಿ, ಮೊಹರು ಇರುವ ಹಾಜರಿ ಪತ್ರ ಕೇಳಿ ಪಡೆಯಿರಿ. ಆಮೇಲೆ ಇಮೇಲಿನಲ್ಲಿ ತರಿಸಿಕೊಳ್ಳುವುದು ಬಹಳ ನಿಧಾನ, ಯೂರೋಪಿನಲ್ಲಿ ಆಗಸ್ಟ್ ತಿಂಗಳಲ್ಲಿ ಕಚೇರಿಯಲ್ಲಿ ಆಳೇ ಇರುವುದಿಲ್ಲ.

9. ಬಂದ ಮೇಲೆ

ಎರಡು ವಾರದೊಳಗೆ ವರದಿ, ಹಾಜರಿ ಪತ್ರ, ಲರ್ನಿಂಗ್ ಅಗ್ರಿಮೆಂಟ್ ಮೂರನ್ನೂ ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಉಳಿದ ವಿದೇಶಿ ಹಣ 2,000 ಡಾಲರಿನಷ್ಟು ಬೆಲೆಯವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಟಿಸಿಎಸ್ ಹಿಡಿದಿದ್ದರೆ ಆ ಪ್ಯಾನಿನ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣುತ್ತಿದೆಯೇ ನೋಡಿ.

ಮುಂದಿನ ವರ್ಷವೂ ಯೂರೋಪಿನ ರೆಸಿಡೆನ್ಸಿ ಇದ್ದರೆ ಈ ಸಲದ ಬೋರ್ಡಿಂಗ್ ಪಾಸ್ ಎಸೆಯಬೇಡಿ. 2024ರ ಏಪ್ರಿಲಿನಿಂದ ಭಾರತೀಯರಿಗೆ ಬಂದ ನಿಯಮದಂತೆ, ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಸರಿಯಾಗಿ ಬಳಸಿದವರು ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾಕ್ಕೆ ಅರ್ಹರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ, ಗಡಿ ದಾಟುವವರ ಲೆಕ್ಕ ಇಡುವ ಇಇಎಸ್ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮೊಹರಿನ ಬದಲು ಮುಖದ ಚಿತ್ರ, ಬಂದ ದಿನ, ಹೋದ ದಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ನೀವು ಹೇಳಿದ ದಿನವೇ ಹೊರಟಿರಿ ಎಂಬುದಕ್ಕೆ ನಿಮ್ಮ ಕೈಯಲ್ಲಿ ಉಳಿಯುವ ಕಾಗದ ಆ ಬೋರ್ಡಿಂಗ್ ಪಾಸ್ ಒಂದೇ. ಅದನ್ನು, ಹಳೆಯ ವೀಸಾದ ಪ್ರತಿಯನ್ನು, ವಿಮೆಯ ಕಾಗದವನ್ನು ಅದೇ ಫೈಲಿನಲ್ಲಿ ಹಾಕಿಡಿ.